ಸಿನ್ಯೋರ್ ಗ್ರೆಕಾಲೆ, ಔಷಧಿ ಅಂಗಡಿಯ ವಿಳಾಸಕ್ಕೆ

ಮೋದೆನಾ, ೯ ಮಾರ್ಚ್ ೧೯೫೪

ಮಾನ್ಯ ಸಿನ್ಯೋರ್ ಗ್ರೆಕಾಲೆ ಅವರಿಗೆ,

ನಾನು ಎವರಿಸ್ತೊ ಮಲಗೋಲಿ. ತಗಡು ಬಡಿಯುವವನು. ಮೂವತ್ತು ವರ್ಷದಿಂದ ಅಲ್ಯುಮಿನಿಯಂ ತಗಡನ್ನು ಮರಳಿನ ಚೀಲದ ಮೇಲಿಟ್ಟು ಬಡಿದು ಬಡಿದು ಕಾರುಗಳಿಗೆ ಮೈ ಕೊಟ್ಟವನು. ಚಳಿಗಾಲ ಬಂತೆಂದರೆ ನಮ್ಮೂರ ರಂಗಮಂದಿರದ ಒಪೆರಾ ಮೇಳದಲ್ಲಿ ಮೂರನೇ ಸಾಲಿನಲ್ಲಿ ಈಟಿ ಹಿಡಿದು ನಿಂತು ಹಾಡುವವನೂ ನಾನೇ. ನನ್ನ ದನಿ ಕೊನೆಯ ಗ್ಯಾಲರಿಗೂ ಕೇಳುತ್ತದೆ. ಕಾಗದದ ಮೇಲೂ ಕೇಳುತ್ತದೆಂದು ನಂಬಿದ್ದೇನೆ.

ನೀವು ಯಾರೆಂದು ನನಗೆ ಗೊತ್ತಿಲ್ಲ. ಗೊತ್ತಾಗುವುದೂ ಬೇಡ! ಈ ದೇಶದಲ್ಲಿ ಓಟಕ್ಕೆ ಇಳಿಯುವ ಅರ್ಧ ಜನ ಕಳ್ಳಹೆಸರಿನಲ್ಲೇ ಇಳಿಯುತ್ತಾರೆ. ಒಬ್ಬನಿಗೆ ಅಮ್ಮನ ಭಯ, ಒಬ್ಬನಿಗೆ ಹೆಂಡತಿಯ ಭಯ, ಇನ್ನೊಬ್ಬನಿಗೆ ಬಿಷಪ್ಪರ ಭಯ. ನೀವು ಈಶಾನ್ಯದ ಗಾಳಿಯ ಹೆಸರು ಇಟ್ಟುಕೊಂಡಿದ್ದೀರಿ. ನಿಮಗೆ ಯಾರ ಭಯವೋ, ಕೇಳುವುದಿಲ್ಲ.

ವಿಷಯಕ್ಕೆ ಬರುತ್ತೇನೆ. ನನಗೊಬ್ಬ ಮಗಳಿದ್ದಾಳೆ. ಇಪ್ಪತ್ತಾರು ವರ್ಷ. ಹತ್ತರ ವಯಸ್ಸಿನಿಂದ ನನ್ನ ಪಕ್ಕದಲ್ಲಿ ನಿಂತು ಸುತ್ತಿಗೆ ಹಿಡಿದವಳು. ಕಳೆದ ಚಳಿಗಾಲ ನಾವಿಬ್ಬರೂ ಸೇರಿ ಒಂದು ಪುಟ್ಟ ಕಾರು ಕಟ್ಟಿದೆವು. ಏಳುನೂರ ಐವತ್ತು ಸಿಸಿ. ಎರಡು ಸೀಟು, ಒಂದು ಬಾಗಿಲು, ದೀಪಗಳು, ಒಂದು ಹೆಚ್ಚುವರಿ ಚಕ್ರ. ರಾಷ್ಟ್ರೀಯ ಚಾಂಪಿಯನ್‌ಷಿಪ್ಪಿನಲ್ಲಿ ಸ್ಪೋರ್ಟ್ಸ್ ಕಾರಿಗೆ ಏನೇನು ಇರಬೇಕೆಂದು ನಿಯಮ ಹೇಳುತ್ತದೋ ಅಷ್ಟೂ ಇತ್ತು. ಕಾರು ಮುಗಿದ ದಿನ ಅವಳು, "ಅಪ್ಪಾ, ಇದನ್ನ ನಾನೇ ಓಡಿಸ್ತೀನಿ" ಎಂದಳು. ನಾನು ನಕ್ಕುಬಿಟ್ಟೆ. "ಹೆಂಗಸರಿಗೆ ಅಂತಾನೇ ಪಕ್ಕದ ಸೀಟು ಇಟ್ಟಿರೋದು ಕಣೇ" ಎಂದೆ. "ಹಂಗಾದ್ರೆ ನೀನೇ ಅದ್ರಲ್ಲಿ ಕೂತ್ಕೋ" ಎಂದಳು. ಕೆಲಸಗಾರರ ಮುಂದೆ! ಕೆಲಸಗಾರರು ನಕ್ಕರು, ಅದೂ ನನ್ನ ಮುಂದೆ!

ಮರುದಿನವೇ ಕಾರನ್ನು ಬೊಲೋನ್ಯದ ಔಷಧಿ ಅಂಗಡಿಯ ಬೆನಾಸ್ಸಿಗೆ ಮಾರಿದೆ. ಅದರ ಮರುದಿನ ಅವಳು ಪೆಟ್ಟಿಗೆ ಕಟ್ಟಿ ಬೆನಾಸ್ಸಿಯ ಬಾಗಿಲು ತಟ್ಟಿದಳು. ನಾನು ನೆಲ್ಲೊನ ಬಾರಿನಲ್ಲಿ ಎದ್ದು ನಿಂತು ಆಣೆ ಇಟ್ಟೆ: ಅವಳು ಬಂದು ಕ್ಷಮೆ ಕೇಳುವ ತನಕ ಅವಳಿಗೆ ಒಂದಕ್ಷರ ಬರೆಯುವುದಿಲ್ಲ, ಅವಳ ಹೆಸರನ್ನು ಈ ಕೈ ಗೀಚುವುದಿಲ್ಲ, ಗೀಚಿದರೆ ಈ ಮೀಸೆ ಬೋಳಿಸಿಕೊಳ್ಳುತ್ತೇನೆ. ಇಪ್ಪತ್ತು ಜನ ಸಾಕ್ಷಿ.

ಆದರೆ ಸಿನ್ಯೋರ್ ಗ್ರೆಕಾಲೆಗೆ ಬರೆಯುವುದಿಲ್ಲವೆಂದು ನಾನು ಯಾರ ಮುಂದೂ ಆಣೆ ಇಟ್ಟಿಲ್ಲ. ಬೆನಾಸ್ಸಿಯ ಕಾರನ್ನು ಈ ವರ್ಷ ಓಡಿಸುವವರು ನೀವೆಂದು ಪತ್ರಿಕೆಯಲ್ಲಿ ಓದಿದೆ. ಆದ್ದರಿಂದ ಹೇಳುತ್ತೇನೆ, ಕೇಳಿ. ಆ ಬಾಗಿಲಿಗೆ ಯಾರೂ ಅರ ಮುಟ್ಟಿಸಕೂಡದು. ಅದರ ಸಂದಿನಲ್ಲಿ ಸಿಗರೇಟು ಸುತ್ತುವ ಹಾಳೆ ಒಂದು ಹೋಗುತ್ತದೆ, ಎರಡು ಹೋಗುವುದಿಲ್ಲ. ಅಂಥ ಬಾಗಿಲನ್ನು ನಾನು ಹಿಂದೆ ಮಾಡಿಲ್ಲ.

ನನ್ನ ಮನೆಯಾಕೆ ಮಾಂಸದ ಹೂರಣದ ಪುಟ್ಟ ಕಡುಬು, ತೊರ್ತೆಲ್ಲೀನಿಯ ಒಂದು ಪೊಟ್ಟಣ ಕಟ್ಟಿದ್ದಾಳೆ. ಸಿನ್ಯೋರ್ ಗ್ರೆಕಾಲೆಯ ತಾಯಿ ದೂರದಲ್ಲಿರಬಹುದು ಎಂದು ಅವಳ ಅಂದಾಜು.

ನಿಮ್ಮ ಪರಿಚಯವೇ ಇಲ್ಲದ,
ಎವರಿಸ್ತೊ ಮಲಗೋಲಿ


ಬೊಲೋನ್ಯ, ೨೦ ಏಪ್ರಿಲ್ ೧೯೫೪

ಮಾನ್ಯ ಮೇಸ್ತ್ರಿ ಮಲಗೋಲಿ ಅವರಿಗೆ,

ಪರಿಚಯವಿಲ್ಲದವರ ಪತ್ರ ತಲುಪಿತು. ತೊರ್ತೆಲ್ಲೀನಿಯೂ ತಲುಪಿತು. ನನ್ನ ತಾಯಿಯೂ ಜಾಯಿಕಾಯಿಯನ್ನು ಇಷ್ಟೇ ಧಾರಾಳವಾಗಿ ಹಾಕುತ್ತಾರೆ. ನಿಮ್ಮ ಮನೆಯಾಕೆಗೆ ತಿಳಿಸಿ.

ವಾಲ್ದೊರಾ ಗುಡ್ಡದ ಓಟ ಮುಗಿಯಿತು. ನಮ್ಮ ವರ್ಗದಲ್ಲಿ ಮೂರನೆಯ ಸ್ಥಾನ. ಅದಕ್ಕಿಂತ ನಿಮಗೆ ಹೇಳಬೇಕಾದದ್ದು ಹಿಂದಿನ ದಿನದ ಸಂಗತಿ. ಕಾರು ತಪಾಸಣೆ ಮಾಡುವವರೊಬ್ಬರು ಪಟ್ಟಿ ಹಿಡಿದು ಬಂದರು. ಸೀಟು ಎರಡು, ಸರಿ. ದೀಪ, ಸರಿ. ಹೆಚ್ಚುವರಿ ಚಕ್ರ, ಸರಿ. ಆಮೇಲೆ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಎರಡು ಹಾಕಿದರು. "ಬಾಗಿಲೆಲ್ಲಿ?" ಎಂದರು.

"ಇದೆಯಲ್ಲ" ಎಂದೆ.

"ಎಲ್ಲಿದೆ? ತಮಾಷೆ ಮಾಡ್ತೀರಾ? ಬಾಗಿಲಿಲ್ಲದ ಕಾರು ಸ್ಪೋರ್ಟ್ಸ್ ಕಾರಲ್ಲ. ತಳ್ಕೊಂಡು ಹೋಗಿ ಆಚೆಗೆ!"

"ಹುಡುಕಿ ಸ್ವಾಮಿ. ನಿಮ್ಮ ಕೈಗೆ ಸಿಕ್ಕರೆ ನಾನೇ ತಳ್ಕೊಂಡು ಹೋಗ್ತೀನಿ."

ಅವರು ಕೈಗವಸು ತೆಗೆದು, ಕುದುರೆಯ ಮೈ ತಡವಿದ ಹಾಗೆ ತಡವಿದರು. ಸಿಗಲಿಲ್ಲ. ಕನ್ನಡಕ ಹಾಕಿಕೊಂಡು ಬಗ್ಗಿದರು. ಸಿಗಲಿಲ್ಲ. ಅಷ್ಟು ಹೊತ್ತಿಗೆ ಐವತ್ತು ಜನ ಸೇರಿದ್ದರು. ನಾನು ಒಳಗೆ ಕೈಹಾಕಿ ಕೊಂಡಿ ಎಳೆದೆ. ಬಾಗಿಲು ಅವರ ಹೊಟ್ಟೆಗೆ ಬಡಿಯಿತು. ಜನ ಚಪ್ಪಾಳೆ ತಟ್ಟಿದರು, ಮೇಸ್ತ್ರಿ. ನನಗಲ್ಲ, ಬಾಗಿಲಿಗೆ.

ನಿಮ್ಮ,
ಗ್ರೆಕಾಲೆ


ಮೋದೆನಾ, ೨೩ ಏಪ್ರಿಲ್ ೧೯೫೪

ಮಾನ್ಯ ಸಿನ್ಯೋರ್ ಗ್ರೆಕಾಲೆ ಅವರಿಗೆ,

ನಿಮ್ಮ ಪತ್ರವನ್ನು ನೆಲ್ಲೊನ ಬಾರಿನಲ್ಲಿ ಮೇಜಿನ ಮೇಲೆ ನಿಂತು ಓದಿದೆ. ಹೊಟ್ಟೆಗೆ ಬಡಿದ ಭಾಗವನ್ನು ಮೂರು ಸಲ ಓದಿಸಿದರು. "ಈ ಗ್ರೆಕಾಲೆ ಯಾರೋ ಭಾರಿ ಗಂಡಸು ಕಣಯ್ಯಾ ಎವರಿಸ್ತೊ!" ಎಂದು ಕ್ಷೌರಿಕ ಹೇಳಿದ. ಹೇಳಿ ನನ್ನ ಮೀಸೆಯನ್ನೇ ನೋಡಿದ. ದುಷ್ಟ.

ಆದರೆ ಭಾನುವಾರದ ಪತ್ರಿಕೆಯಲ್ಲಿ ನಿಮ್ಮ ಚಿತ್ರವೂ ಬಂದಿದೆ. ತಿರುವಿನಲ್ಲಿ ಕಾರು ಓಲಿದೆ, ಹಿಂದಿನ ಎಡ ಚಕ್ರ ತಗಡಿನ ಅಂಚಿಗೆ ಎಷ್ಟು ಹತ್ತಿರ ಬಂದಿದೆ ನೋಡಿದಿರಾ? ನಾನು ಭೂತಗನ್ನಡಿ ಹಿಡಿದು ನೋಡಿದೆ. ಗುಡ್ಡದ ಓಟ ಎಂಟು ನಿಮಿಷದ್ದು, ನಡೆದುಹೋಯಿತು. ಉದ್ದದ ಓಟದಲ್ಲಿ ಟ್ಯಾಂಕಿನ ಭಾರಕ್ಕೆ ಕಾರು ಇನ್ನೂ ಕುಳಿತುಕೊಳ್ಳುತ್ತದೆ, ಅಂಚು ಟೈರನ್ನು ಕೊಯ್ಯುತ್ತದೆ. ಎರಡು ಬೆರಳಿನಷ್ಟು ಕತ್ತರಿಸಿ. ತಪ್ಪು ನನ್ನದೇ. ನಮ್ಮ ಕಣ್ಣೇ ನಮಗೆ ಅಳತೆಗೋಲು. ಖಾಲಿ ಟ್ಯಾಂಕಿನ ಕಾರಿನ ಮೇಲೆ ಕಣ್ಣಿಟ್ಟು ಆ ಅಂಚನ್ನು ಇಳಿಸಿದೆ, ಚೆಂದ ಕಂಡಿತೆಂದು.

ಕಾರಿನ ಮೂಗಿನ ಮೇಲೊಂದು ತಗ್ಗು ಕಾಣುತ್ತದೆ. ಅದನ್ನು ಹೊರಗಿನಿಂದ ಎಳೆದು ಸರಿಮಾಡಿದ ಕತ್ತೆ ಯಾರು? ತಗ್ಗನ್ನು ಒಳಗಿನಿಂದ ಎಬ್ಬಿಸಬೇಕು!

ಎವರಿಸ್ತೊ ಮಲಗೋಲಿ


ಬೊಲೋನ್ಯ, ೨ ಮೇ ೧೯೫೪

ಮಾನ್ಯ ಮೇಸ್ತ್ರಿ,

ಕತ್ತೆ ನಾನೇ.

ಕಾರನ್ನು ನೀವು ಮಾರಿದ್ದೀರಿ. ಯಾರಿಗೂ ಒಂದು ಮಾತು ಕೇಳದೆ, ರಾತ್ರಿ ಬೆಳಗಾಗುವುದರೊಳಗೆ ಮಾರಿದ್ದೀರಿ. ಮಾರಿದ ಹಸುವಿನ ಹಾಲಿನ ಚಿಂತೆ ಮಾರಿದವನಿಗೇಕೆ? ಅಂಚು ಹೇಗಿದೆಯೋ ಹಾಗೇ ಇರುತ್ತದೆ. ಅದನ್ನು ಬಡಿಯುವಾಗ ಆ ಕಡೆಯಿಂದ ಒತ್ತು ಹಿಡಿದವರು ಯಾರೆಂದು ನಿಮಗೆ ನೆನಪಿರಬಹುದು. ಅವರೂ ಅದನ್ನು ಚೆಂದವೆಂದೇ ಹೇಳಿದ್ದರು.

ಗ್ರೆಕಾಲೆ


ಸಿಸಿಲಿಯಿಂದ, ೧೪ ಜೂನ್ ೧೯೫೪ (ಅಂಚೆ ಕಾರ್ಡು)

ಅಂಚನ್ನು ಎರಡು ಬೆರಳು ಕತ್ತರಿಸಿದೆ. ತಡವಾಗಿ. ಐದನೇ ಸುತ್ತಿನಲ್ಲಿ ಟೈರು ಹರಿಯಿತು. ಒಂದು ಅಂಕವೂ ಸಿಗಲಿಲ್ಲ.

ಗ್ರೆಕಾಲೆ


ಮೋದೆನಾ, ೧೯ ಜೂನ್ ೧೯೫೪

ಮಾನ್ಯ ಸಿನ್ಯೋರ್ ಗ್ರೆಕಾಲೆ ಅವರಿಗೆ,

ಯಾವ ಕತ್ತರಿಯಿಂದ ಕತ್ತರಿಸಿದಿರಿ? ಕತ್ತರಿಸಿದ ಮೇಲೆ ಅಂಚಿಗೆ ತಂತಿ ಕೊಟ್ಟು ಮಡಿಸಿದಿರಾ, ಇಲ್ಲ ಹಾಗೇ ಬಿಟ್ಟಿರಾ? ಹಾಗೇ ಬಿಟ್ಟರೆ ಬಿರುಕು ಬಿಡುತ್ತದೆ. ಇದರೊಂದಿಗೆ ತಂತಿ ಕಳಿಸಿದ್ದೇನೆ.

ಟೈರು ಹರಿದಾಗ ಕಾರು ಯಾವ ಕಡೆ ತಿರುಗಿತು? ಬೇಡ. ಬರೆಯಬೇಡಿ.

ನಾನು ಓಟ ನೋಡುವವನಲ್ಲ. ನನ್ನ ಕೈಯ ಕಾರು ಓಡುವ ಯಾವ ಓಟವನ್ನೂ ಈವರೆಗೆ ನೋಡಿಲ್ಲ. ಓಟದ ಭಾನುವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಕಾರ್ಖಾನೆಯ ಬಾಗಿಲು ಹಾಕಿಕೊಂಡು ಚೂರು ತಗಡು ಬಡಿಯುತ್ತೇನೆ. ಮೊನ್ನೆ ಪಕ್ಕದ ಮನೆಯಾಕೆ ಕಿಟಕಿಯಿಂದ ಕೂಗಿದಳು: "ಏನ್ ಮಾಡ್ತಿದೀರಾ ಎವರಿಸ್ತೊ, ಭಾನುವಾರಾನೂ?"

"ಸದ್ದು" ಎಂದೆ.

ಎವರಿಸ್ತೊ ಮಲಗೋಲಿ


ಕಲಾಬ್ರಿಯದಿಂದ, ೨೪ ಆಗಸ್ಟ್ ೧೯೫೪

ಮಾನ್ಯ ಮೇಸ್ತ್ರಿ ಮಲಗೋಲಿ ಅವರಿಗೆ,

ಗೆದ್ದೆ! ವರ್ಗದಲ್ಲಿ ಮೊದಲ ಸ್ಥಾನ! ನಾಪೊಲಿಯ ವಕೀಲ ಸ್ಪಾಡಾರೊಗಿಂತ ನಲವತ್ತು ಸೆಕೆಂಡು ಮುಂದೆ. ನಮ್ಮ ವರ್ಗದ ಪ್ರಶಸ್ತಿಗೆ ಈಗ ಉಳಿದಿರುವವರು ನಾವಿಬ್ಬರೇ. ಅಕ್ಟೋಬರ್ ಮೂರರಂದು ಪಿಯೆತ್ರಫೋಸ್ಕದಲ್ಲಿ ಕೊನೆಯ ಓಟ. ಅಲ್ಲಿ ಯಾರು ಮುಂದೋ ಅವರಿಗೆ ರಾಷ್ಟ್ರೀಯ ಪಟ್ಟ.

ಓಟಕ್ಕೆ ಮುಂಚೆ ಸ್ಪಾಡಾರೊ ತನ್ನ ಕಾರಿಗೆ ಒರಗಿಕೊಂಡು, ಎಲ್ಲರಿಗೂ ಕೇಳುವ ಹಾಗೆ, "ಏನ್ ಪುಟ್ಟಾ, ದಾರಿ ತಪ್ಪಿದ್ಯಾ? ಅಡುಗೆಮನೆ ಆ ಕಡೆ" ಎಂದ. ಓಟದ ಬಯಲಿನಲ್ಲಿ ಗ್ರೆಕಾಲೆಯ ಕನ್ನಡಕದ ಹಿಂದೆ ಯಾರಿದ್ದಾರೆಂದು ಎಲ್ಲರಿಗೂ ಗೊತ್ತು, ಮೇಸ್ತ್ರಿ. ಗೊತ್ತಿಲ್ಲವೆಂದು ನಟಿಸುವುದರಲ್ಲಿ ನೀವೊಬ್ಬರೇ ನಿಪುಣರೆಂದು ತಿಳಿಯಬೇಡಿ. ಓಟ ಮುಗಿದ ಮೇಲೆ ಅವನ ಹತ್ತಿರ ಹೋಗಿ, "ವಕೀಲರೇ, ಊಟ ಆರಿಹೋಯ್ತು. ಎಷ್ಟು ಹೊತ್ತು ಕಾಯೋದು ನಿಮಗೆ?" ಎಂದೆ.

ಕಾರು ಎಡಕ್ಕೆ ತಿರುಗಿತು. ಜೂನಿನಲ್ಲಿ ಕೇಳಿದ್ದಿರಲ್ಲ. ಎಡಕ್ಕೆ ಗೋಡೆ ಇರಲಿಲ್ಲ. ಸಮುದ್ರ ಇತ್ತು, ಬಹಳ ಕೆಳಗೆ. ಮುಂದಿನ ಚಕ್ರ ಒಂದು ಕಲ್ಲಿಗೆ ತಾಗಿ ನಿಂತಿತು. ನಾನು ಇಳಿದು ಆ ಕಲ್ಲಿನ ಮೇಲೆ ಸ್ವಲ್ಪ ಹೊತ್ತು ಕುಳಿತಿದ್ದೆ. ಆಮೇಲೆ ಚಕ್ರ ಬದಲಿಸಿದೆ.

ತಂತಿ ಕೊಟ್ಟು ಮಡಿಸಿದ್ದೇನೆ. ಬಿರುಕು ಬಿಟ್ಟಿಲ್ಲ.

ಗ್ರೆಕಾಲೆ


ಬೊಲೋನ್ಯ, ೧೨ ಸೆಪ್ಟೆಂಬರ್ ೧೯೫೪

ಮಾನ್ಯ ಮೇಸ್ತ್ರಿ,

ಪಿಯೆತ್ರಫೋಸ್ಕದ ತೀರ್ಪುಗಾರರ ಅಧ್ಯಕ್ಷ, ಕವಲಿಯೇರೆ ಬಿರುದಿನ ಪ್ರೋಸ್ಪೆರಿ ಒಂದು ಓಲೆ ಕಳಿಸಿದ್ದಾರೆ. ಬಹಳ ಮರ್ಯಾದೆಯ ಓಲೆ. ಮುಖ್ಯ ಓಟ ಹೆಂಗಸರಿಗೆ ಅಪಾಯವಂತೆ. ನನ್ನ ಸಲುವಾಗಿ ಬೆಳಿಗ್ಗೆ ಬೇರೆಯೇ ಒಂದು ಮಹಿಳಾ ಬಹುಮಾನ ಇಟ್ಟಿದ್ದಾರಂತೆ: ಮೂರು ಸುತ್ತು, ಕೊನೆಗೆ ಹೂವಿನ ಗುಚ್ಛ. ಮೂರು ಸುತ್ತು! ನನ್ನ ಎಂಜಿನ್ನಿಗೆ ಬಿಸಿಯಾಗಲಿಕ್ಕೇ ಎರಡು ಸುತ್ತು ಬೇಕು.

ನಿಯಮದ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದೆ. ಹೆಂಗಸು ಓಡಿಸಕೂಡದೆಂದು ಎಲ್ಲೂ ಇಲ್ಲ. ಅದಕ್ಕೇ ಅವರು ಬೇರೆ ದಾರಿ ಹಿಡಿದಿದ್ದಾರೆ. ಕಳ್ಳಹೆಸರಿನಲ್ಲಿ ಓಡಿಸುವವರ ನಿಜವಾದ ಹೆಸರನ್ನು, ಕಾರನ್ನು ಓಟಕ್ಕೆ ಒಪ್ಪಿಸುವವರು ಬರೆದು, ಈ ಚಾಲಕನಿಗೆ ನಾನು ಹೊಣೆ ಎಂದು ಸಹಿ ಮಾಡಬೇಕಂತೆ. ಬೆನಾಸ್ಸಿ ಹೆದರುತ್ತಾರೆಂದು ಅವರಿಗೆ ಗೊತ್ತು. ಬೆನಾಸ್ಸಿ ಹೆದರಿದರು. "ನೋಡಮ್ಮಾ, ನನ್ನ ಗಿರಾಕಿಗಳಲ್ಲಿ ಅರ್ಧ ಜನ ಮಠದ ಸನ್ಯಾಸಿನಿಯರು. ಕಾರು ತಗೊಂಡೋಗು, ಬೇಡ ಅನ್ನಲ್ಲ. ನನ್ನ ಹೆಸರು ಮಾತ್ರ ಹಾಕ್ಬೇಡ. ಆ ಮೂರು ಸುತ್ತು ಹೊಡ್ದು ಹೂವು ತಗೊಂಡು ಬಂದ್ಬಿಡು" ಎಂದರು. ನಾನು ಆ ಓಲೆಯನ್ನು ಅವರ ಗಲ್ಲಾಪೆಟ್ಟಿಗೆಯ ಮೇಲೆಯೇ ನಾಲ್ಕು ಚೂರು ಮಾಡಿದೆ.

ಕಾರು ಒಪ್ಪಿಸುವ ಪರವಾನಗಿ ನನಗೆ ಗೊತ್ತಿರುವವರಲ್ಲಿ ಇನ್ನೊಬ್ಬರ ಹತ್ತಿರ ಇದೆ. ಮೋದೆನಾದ ಒಂದು ಕಾರ್ಖಾನೆಯ ಗೋಡೆಯಲ್ಲಿ, ಚೌಕಟ್ಟು ಹಾಕಿ ನೇತುಹಾಕಿದ್ದಾರೆ. ಅರ್ಜಿಯನ್ನು ಇದರೊಳಗೆ ಇಟ್ಟಿದ್ದೇನೆ.

ಇನ್ನೊಂದು ಮಾತು, ಇದು ಕೊನೆಯದು. ಗ್ರೆಕಾಲೆ ಸಾಕಾಗಿದ್ದಾನೆ ನನಗೆ. ಅವನು ಮೂರನೆಯವನಾದ, ಟೈರು ಹರಿದುಕೊಂಡ, ಗೆದ್ದ. ಎಲ್ಲವೂ ಅವನ ಲೆಕ್ಕಕ್ಕೆ ಹೋಯಿತು. ಪಿಯೆತ್ರಫೋಸ್ಕದಲ್ಲಿ ಅವನು ಇಳಿಯುವುದಿಲ್ಲ. ನನ್ನ ಹೆಸರು ಇಯೋಲೆ ಮಲಗೋಲಿ. ಆ ಹೆಸರು ನಿಮ್ಮ ಕೈಬರಹದಲ್ಲಿ ಇರಬೇಕು. ಇಪ್ಪತ್ತಾರನೇ ತಾರೀಕಿನೊಳಗೆ ಅರ್ಜಿ ನನ್ನ ಕೈ ಸೇರಬೇಕು. ಆ ಹೆಸರು ನಿಮ್ಮ ಲೇಖನಿಗೆ ಬಾರದಿದ್ದರೆ ಉತ್ತರ ಬರೆಯಬೇಡಿ. ಸಿನ್ಯೋರ್ ಗ್ರೆಕಾಲೆಗೂ ಬರೆಯಬೇಡಿ. ಆ ವಿಳಾಸದಲ್ಲಿ ಅವನು ಇನ್ನು ಇಲ್ಲ.

ನಾನು ಕ್ಷಮೆ ಕೇಳುತ್ತಿಲ್ಲ.

ಇಯೋಲೆ


ಮೋದೆನಾ, ೨೪ ಸೆಪ್ಟೆಂಬರ್ ೧೯೫೪

ಇಯೋಲೆ,

ಹನ್ನೊಂದು ದಿನ ನಿನ್ನ ಪತ್ರ ನನ್ನ ಜೇಬಿನಲ್ಲಿತ್ತು. ಬೆವರಿಗೆ ಶಾಯಿ ಇಳಿದಿದೆ.

ಮೊದಲ ದಿನ ನಾನು ಕೂಗಾಡಿದೆ. ಏನು ಕೂಗಿದೆನೆಂದು ಬರೆಯುವುದಿಲ್ಲ, ಪಕ್ಕದ ಬೀದಿಗೆಲ್ಲ ಕೇಳಿದೆ. ಎರಡನೆಯ ದಿನ ನಿನ್ನಮ್ಮ ಸೂಪು ಬಡಿಸುತ್ತಾ, "ಮೀಸೆ ಮತ್ತೆ ಬೆಳೆಯತ್ತೆ" ಎಂದಳು. ಅಷ್ಟೇ. ಮತ್ತೆ ಒಂಬತ್ತು ದಿನ ಸೂಪಿನಲ್ಲಿ ಉಪ್ಪಿಲ್ಲ.

ನಿನ್ನೆ ಕ್ಷೌರಿಕನ ಕುರ್ಚಿಯಲ್ಲಿ ಕುಳಿತೆ. ಇಡೀ ನೆಲ್ಲೊನ ಬಾರು ಬೀದಿಗೆ ಬಂದು ಕಿಟಕಿಗೆ ಮುಖ ಒತ್ತಿ ನಿಂತಿತ್ತು. "ಬರೆದ್ಬಿಟ್ಯಾ ಎವರಿಸ್ತೊ?" ಎಂದು ಕೂಗಿದರು. "ಇನ್ನೂ ಇಲ್ಲ! ಸಾಲ ಮೊದಲು ತೀರಿಸ್ತೀನಿ, ಆಮೇಲೆ ಬರೀತೀನಿ! ನಾನು ಮಾತಿನ ಮನುಷ್ಯ!" ಎಂದೆ. ಮೂವತ್ತು ವರ್ಷ ಈಟಿ ಹಿಡಿದು ನಿಂತ ನನಗೆ ಅಷ್ಟು ಪ್ರೇಕ್ಷಕರು ಹಿಂದೆಂದೂ ಸಿಕ್ಕಿರಲಿಲ್ಲ. ಮೇಲ್ತುಟಿಗೆ ಚಳಿಯಾಗುತ್ತಿದೆ. ನನ್ನ ಮುಖ ನೋಡಿದರೆ ನನ್ನ ಅಕ್ಕನ ಹಾಗಿದೆ. ನೀನು ನಗುತ್ತೀಯ, ನಗು.

ಅರ್ಜಿ ಇದರೊಂದಿಗಿದೆ. ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ, ಗೆರೆಯಿಂದ ಆಚೆ ಹೋಗಿದೆ. ಹೋಗಲಿ. ಗ್ರೆಕಾಲೆ ಅಂತ ಬರೆಯುವ ಜಾಗದಲ್ಲಿ ಅಡ್ಡಗೆರೆ ಎಳೆದಿದ್ದೇನೆ.

ಇದು ಹೆಂಗಸು ಮಾಡುವ ಕೆಲಸವಲ್ಲ ಎಂದು ಈಗಲೂ ಹೇಳುತ್ತೇನೆ. ಆ ಕಲ್ಲಿನ ಮೇಲೆ ನೀನು ಕುಳಿತಿದ್ದೆ ಎಂದು ಓದಿದ ಮೇಲೆ ಗಂಡಸು ಮಾಡುವ ಕೆಲಸವೂ ಅಲ್ಲ ಎಂದು ಹೇಳುತ್ತೇನೆ. ಆದರೆ ಮೂರು ಸುತ್ತು, ಒಂದು ಹೂವಿನ ಗುಚ್ಛ? ನನ್ನ ಕಾರಿಗೆ? ಆ ಪ್ರೋಸ್ಪೆರಿ ಯಾರೆಂದುಕೊಂಡಿದ್ದಾನೆ ನಮ್ಮನ್ನು!

ಕ್ಷಮೆ ಕೇಳಬೇಡ. ಕೇಳಿದರೆ ನಾನೂ ಕೇಳಬೇಕಾಗುತ್ತದೆ.

ಅಪ್ಪ


ಪಿಯೆತ್ರಫೋಸ್ಕ, ೪ ಅಕ್ಟೋಬರ್ ೧೯೫೪

ಅಪ್ಪಾ,

ರೇಡಿಯೋದಲ್ಲಿ ಕೇಳಿರುತ್ತೀಯ. ಇಲ್ಲ, ನೀನು ಹತ್ತರಿಂದ ಒಂದರವರೆಗೆ ತಗಡು ಬಡಿಯುತ್ತಿದ್ದೆ. ಬಾರಿನವರು ಬಂದು ಹೇಳಿರುತ್ತಾರೆ. ಗೆದ್ದೆ. ಹನ್ನೆರಡು ಸುತ್ತು, ಸ್ಪಾಡಾರೊಗಿಂತ ಆರು ಸೆಕೆಂಡು ಮುಂದೆ. ಹತ್ತನೆಯ ಸುತ್ತಿನಲ್ಲಿ ಅವನು ಸೇತುವೆಯ ಹತ್ತಿರ ತಿರುವಿನ ಒಳಬದಿಯಿಂದ ನುಗ್ಗಿದ. ಅವನ ಕಾರಿನ ಮೂಗು ನಮ್ಮ ಬಾಗಿಲಿಗೆ ತಾಗಿತು. ನಾನು ಬಿಡಲಿಲ್ಲ. ಅವನೇ ಆಕ್ಸಿಲರೇಟರಿನಿಂದ ಕಾಲು ತೆಗೆದ. ಬಾಗಿಲು ನಜ್ಜುಗುಜ್ಜಾಗಿದೆ, ಈಗ ಯಾರು ಬೇಕಾದರೂ ಹುಡುಕಬಹುದು.

ಆದರೆ ನಿನಗೆ ಬರೆಯಬೇಕಾದದ್ದು ಸಂಜೆಯ ಸಂಗತಿ.

ಬೆಳಿಗ್ಗೆ ಪ್ರೋಸ್ಪೆರಿಯ ಮೇಜಿನ ಮೇಲೆ ನಿನ್ನ ಅರ್ಜಿ ಇಟ್ಟಾಗ ಅವರು ಮೂರು ಸಲ ಓದಿದರು. ತಪ್ಪು ಸಿಗಲಿಲ್ಲ. ಓಡಿಸಲು ಬಿಟ್ಟರು. ಸಂಜೆ ಚೌಕದಲ್ಲಿ ಬಹುಮಾನದ ವೇದಿಕೆ. ಬಾಜಾಬಜಂತ್ರಿ, ಬಾವುಟ, ಬೆಳ್ಳಿಯ ಕಪ್ಪು. ಪ್ರೋಸ್ಪೆರಿ ಕಾಗದ ಹಿಡಿದು ಕೂಗಿದರು: "ಏಳುನೂರ ಐವತ್ತು ಸಿಸಿ, ರಾಷ್ಟ್ರೀಯ ಚಾಂಪಿಯನ್, ಗ್ರೆಕಾಲೆ!"

ನಾನು ಏಳಲಿಲ್ಲ. ವೇದಿಕೆಯಿಂದ ಐದು ಹೆಜ್ಜೆ ದೂರದಲ್ಲಿ, ಕಾರಿನ ಮೂಗಿನ ಮೇಲೆ ಕುಳಿತಿದ್ದೆ.

"ಗ್ರೆಕಾಲೆ!" ಎಂದರು ಮತ್ತೆ. ನನ್ನನ್ನೇ ನೋಡುತ್ತಾ.

"ಅವನು ಬಂದಿಲ್ಲ ಕವಲಿಯೇರೆ. ಅರ್ಜಿ ನೋಡಿ, ಅವನ ಹೆಸರಿನ ಜಾಗದಲ್ಲಿ ಗೆರೆ ಎಳೆದಿದೆ. ಓಡಿಸಿದವರನ್ನ ಕರೀರಿ" ಎಂದೆ.

ಅವರು ಮೆಟ್ಟಿಲಿಳಿದು ಬಂದು ಕಿವಿಯ ಹತ್ತಿರ ಹೇಳಿದರು: "ಹಟ ಮಾಡ್ಬೇಡಮ್ಮ. ಕಪ್ಪಿನ ಮೇಲೆ ಹೆಸರು ಕೆತ್ತಾಗಿದೆ. ತಗೊಂಡು ಹೋಗು. ಯಾವ ಹೆಸರಾದ್ರೇನು?"

"ಯಾವುದಾದ್ರೂ ಆಗೋದಾದ್ರೆ ನಂದನ್ನೇ ಕೂಗಿ."

ಕೂಗಲಿಲ್ಲ ಅಪ್ಪಾ. ಮೂರನೆಯ ಸಲವೂ ಗ್ರೆಕಾಲೆ ಎಂದೇ ಕೂಗಿದರು. ಬಾಜಾದವರು ಊದಬೇಕೋ ಬೇಡವೋ ತಿಳಿಯದೆ ನಿಂತರು. ಆಗ ಜನರ ನಡುವಿನಿಂದ ಯಾರೋ "ಇಯೋಲೆ!" ಎಂದರು. ತಿರುಗಿ ನೋಡಿದರೆ ಸ್ಪಾಡಾರೊ, ಮುಖಕ್ಕೆಲ್ಲ ಎಣ್ಣೆ ಮೆತ್ತಿಕೊಂಡು ನಿಂತಿದ್ದಾನೆ. "ಏನ್ ನೋಡ್ತೀಯಾ? ಇಲ್ಲದೇ ಇರೋನ ಕೈಲಿ ಸೋತೆ ಅಂತ ನಾನು ಊರಿಗೆ ಹೋಗಿ ಹೇಳ್ಲಾ?" ಎಂದ. ಆಮೇಲೆ ಮೆಕ್ಯಾನಿಕ್ಕುಗಳು ಕೂಗಿದರು, ಆಮೇಲೆ ಚೌಕಕ್ಕೆ ಚೌಕವೇ ಕೂಗಿತು. ಕೂಗದವರು ಪ್ರೋಸ್ಪೆರಿ ಒಬ್ಬರೇ.

ಕಪ್ಪನ್ನು ಅಲ್ಲೇ ಬಿಟ್ಟು ಬಂದೆ. ಪಿಯೆತ್ರಫೋಸ್ಕದ ಪುರಭವನದ ಕಪಾಟಿನಲ್ಲಿ ಇಟ್ಟಿದ್ದಾರಂತೆ. ಒಂದು ಕ್ಷಣ ಆಸೆಯಾಯಿತು, ಸುಳ್ಳು ಹೇಳುವುದಿಲ್ಲ. ಬೆಳ್ಳಿ ಭಾರಿ ಚೆನ್ನಾಗಿ ಹೊಳೆಯುತ್ತಿತ್ತು.

ಗುರುವಾರ ಮೋದೆನಾಕ್ಕೆ ಬರುತ್ತೇನೆ. ಮಗಳಾಗಿ ಬರುತ್ತೇನೋ ಇಲ್ಲವೋ, ನೀವಿಬ್ಬರೂ ನಿರ್ಧರಿಸಿ. ಕೆಲಸಕ್ಕಂತೂ ಬರುತ್ತೇನೆ. ಕಿಟಕಿಯ ಪಕ್ಕದ ಜಾಗ ನನಗೆ ಬೇಕು. ಬೆನಾಸ್ಸಿ ಬಾಗಿಲು ರಿಪೇರಿಗೆ ಕಾರು ಕಳಿಸುತ್ತಿದ್ದಾರೆ. ಒಳಗಿನಿಂದಲೇ ಎಬ್ಬಿಸುತ್ತೇನೆ, ಕೂಗಾಡಬೇಡ.

ಇಯೋಲೆ


ಮೋದೆನಾ, ಸೋಮವಾರ, ೨೦ ಡಿಸೆಂಬರ್ ೧೯೫೪

ಮಾನ್ಯ ಕವಲಿಯೇರೆ ಪ್ರೋಸ್ಪೆರಿ ಅವರಿಗೆ,

ಸೋಮವಾರ ಬಂತು, ನಾನೂ ಬಂದೆ. ಇದು ಹನ್ನೊಂದನೆಯ ಪತ್ರ.

ಹತ್ತು ಪತ್ರಕ್ಕೆ ಒಂದು ಉತ್ತರ ದಯಪಾಲಿಸಿದ್ದೀರಿ, ವಂದನೆಗಳು. ಬೆಳ್ಳಿಯ ಮೇಲೆ ಕೆತ್ತಿದ ಅಕ್ಷರ ಅಳಿಸಲು ಬರುವುದಿಲ್ಲ ಎಂದು ಬರೆದಿದ್ದೀರಿ. ಸ್ವಾಮಿ, ಲೋಹದ ವಿಷಯ ನನಗೆ ಹೇಳುತ್ತೀರಾ? ಕಪ್ಪನ್ನು ಇಲ್ಲಿಗೆ ಕಳಿಸಿ. ಒಳಗಿನಿಂದ ಒತ್ತು ಕೊಟ್ಟು, ಹೊರಗಿನಿಂದ ಸಣ್ಣ ಸುತ್ತಿಗೆಯಲ್ಲಿ ಮೂರು ದಿನ ಬಡಿದರೆ ಗ್ರೆಕಾಲೆ ಎಂಬ ಮನುಷ್ಯ ಇದ್ದನೆಂಬ ಗುರುತೂ ಉಳಿಯುವುದಿಲ್ಲ. ಆದರೆ ಹಾಗೆ ಮಾಡುವುದಿಲ್ಲ. ಅದನ್ನು ನೀವೇ ಮಾಡಿಸಬೇಕು, ನಿಮ್ಮೂರ ಕೆತ್ತನೆಯವನ ಕೈಯಿಂದ, ನಿಮ್ಮೂರ ಚೌಕದಲ್ಲಿ. ಆಮೇಲೆ ವೇದಿಕೆ ಹತ್ತಿ ಆ ಹೆಸರನ್ನು ಕೂಗಬೇಕು. ಹೇಗೆ ಕೂಗಬೇಕೆಂದು ತಿಳಿಯದಿದ್ದರೆ ನಾನು ಬಂದು ಕಲಿಸುತ್ತೇನೆ. ನನ್ನ ದನಿ ಕೊನೆಯ ಗ್ಯಾಲರಿಗೂ ಕೇಳುತ್ತದೆ.

ಇಯೋಲೆ ಮಲಗೋಲಿ. ಇಯೋಲೆ ಮಲಗೋಲಿ. ಇಯೋಲೆ ಮಲಗೋಲಿ. ಪ್ರತಿ ಪತ್ರದಲ್ಲೂ ಮೂರು ಸಲ ಬರೆಯುತ್ತೇನೆ, ನಿಮಗೆ ಅಭ್ಯಾಸವಾಗಲಿ ಎಂದು. ಅಂಚೆ ಕಚೇರಿ ನನ್ನ ಎದುರು ಬೀದಿಯಲ್ಲೇ ಇದೆ. ನನಗೆ ಐವತ್ತೆಂಟು. ನಮ್ಮ ವಂಶದಲ್ಲಿ ತೊಂಬತ್ತಕ್ಕೆ ಮುಂಚೆ ಸತ್ತವರಿಲ್ಲ.

ಅಕ್ಷರಗಳು ಅಲುಗಿರುವುದನ್ನು ನೋಡಿ ಮುದುಕನ ಕೈ ನಡುಗುತ್ತಿದೆ ಎಂದು ಸಂತೋಷಪಡಬೇಡಿ. ನನ್ನ ಮೇಜು ಕಾರ್ಖಾನೆಯ ಅಟ್ಟದ ಮೇಲಿದೆ. ಕೆಳಗೆ ಅವಳು ಮುಂದಿನ ವರ್ಷದ ಕಾರಿಗೆ ತಗಡು ಬಡಿಯುತ್ತಿದ್ದಾಳೆ.

ಕಾರು ಒಪ್ಪಿಸುವವ,
ಎವರಿಸ್ತೊ ಮಲಗೋಲಿ